ಪೆಟ್ಟಿಗೆಯೊಳಗಿನ ಕುಸುರಿ

ಭಾನುವಾರ ಬೆಳಿಗ್ಗೆ ಕಾಫಿ ಮುಗಿದ ಮೇಲೆ ಊಟದ ಮೇಜಿಗೆ ಹಳೆಯ ಪಂಚೆಯೊಂದನ್ನು ಹಾಸುತ್ತೇನೆ. ಅದರ ಮೇಲೆ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೆಲ್ಲಗೆ ಅಡ್ಡ ಮಲಗಿಸುತ್ತೇನೆ. ವರ್ಷಕ್ಕೆರಡು ಬಾರಿ ನಡೆಯುವ ಈ ಕೆಲಸಕ್ಕೆ ಮನೆಯಲ್ಲಿ ಧೂಳು ಹೊಡೆಯುವುದು ಎಂದು ಹೆಸರು. ಧೂಳು ಹೊಡೆಯಲು ಹತ್ತು ನಿಮಿಷ ಸಾಕು. ನಾನು ಏಳುವುದು ಮಧ್ಯಾಹ್ನದ ಎಲೆ ಹಾಕುವ ಹೊತ್ತಿಗೆ.

ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಹಿಂದಕ್ಕೆ ಜಾರಿಸಿದರೆ ಸಣ್ಣಗೆ ಕಿರ್ ಎನ್ನುತ್ತದೆ. ಬೆಚ್ಚನೆಯ ಧೂಳು, ಬೆಸುಗೆ, ಅರಗು ಕಲೆತ ಒಂದು ವಾಸನೆ ಮುಖಕ್ಕೆ ಬರುತ್ತದೆ. ಆಮೇಲೆ ಕಿಟಕಿಯ ಬಿಸಿಲು ಒಳಗೆ ಬೀಳುತ್ತದೆ. ಕಡು ಹಸಿರು ಬೋರ್ಡು, ಅದರ ಮೈತುಂಬ ಎಳೆದ ಕೂದಲೆಳೆಯ ಗೆರೆಗಳು, ಚಿನ್ನದ ಅಂಚು, ಬೆಳ್ಳಿ ಬಣ್ಣದ ಡಬ್ಬಿಗಳು. ನೋಡಿ ನೋಡಿ ಪರಿಚಯವಾದ ಮುಖವೇ ಆದರೂ ಪ್ರತಿ ಸಲ ಒಂದು ಕ್ಷಣ ಕೈ ಹಾಗೇ ನಿಲ್ಲುತ್ತದೆ.

ಇದರ ಒಂದೊಂದು ಭಾಗವನ್ನೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದು ಕೊಂಡು, ನಾನೇ ಕೂತು ಜೋಡಿಸಿದ್ದು. 2011ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಕೋರ್ ಐ5-2400 ಇದರ ಪ್ರೊಸೆಸರು. ಇವತ್ತಿನ ಲೆಕ್ಕದಲ್ಲಿ ಹಳೆಯದು. ಹಳೆಯ ವೀಣೆಯೂ ಹಳೆಯದೇ. ಅದರ ಕೆಲಸಗಾರಿಕೆ ಹಳತಾಗುವುದಿಲ್ಲ.

ಕರೆಂಟು ಒಳಗೆ ಬರುವ ದಾರಿಯಿಂದ ಶುರು ಮಾಡೋಣ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್. ಅಷ್ಟು ಒರಟಾದದ್ದನ್ನು ನೇರವಾಗಿ ಕೊಟ್ಟರೆ ಪ್ರೊಸೆಸರು ಕ್ಷಣಾರ್ಧದಲ್ಲಿ ಸುಟ್ಟೀತು. ಹಾಗಾಗಿ ಕಲ್ಯಾಣಿಯ ಮೆಟ್ಟಿಲಿಳಿದಂತೆ ವೋಲ್ಟೇಜು ಹಂತ ಹಂತವಾಗಿ ಇಳಿಯುತ್ತದೆ. ಮೂಲೆಯ ಉಕ್ಕಿನ ಡಬ್ಬಿ, ಅಂದರೆ ಪವರ್ ಸಪ್ಲೈ, ಅದನ್ನು 12, 5, 3.3 ವೋಲ್ಟ್‌ಗಳಾಗಿ ಒಡೆದು ಹಳದಿ, ಕೆಂಪು, ಕಿತ್ತಳೆ ತಂತಿಗಳಲ್ಲಿ ಹಂಚುತ್ತದೆ. ಪ್ರೊಸೆಸರಿಗೆ ಬೇಕಾದದ್ದು ಅದಕ್ಕಿಂತಲೂ ನಯವಾದದ್ದು, ಹೆಚ್ಚು ಕಡಿಮೆ 1.2 ವೋಲ್ಟ್. ಆ ಕೊನೆಯ ಮೆಟ್ಟಿಲು ಪ್ರೊಸೆಸರಿನ ಪಕ್ಕದಲ್ಲೇ ಇದೆ. ಸಕ್ಕರೆ ಅಚ್ಚಿನಷ್ಟು ದಪ್ಪದ ಬೂದು ಬಣ್ಣದ ಚೋಕುಗಳು ಸಾಲಾಗಿ ಕೂತಿವೆ, ಅವುಗಳ ಬೆನ್ನಿಗೆ ಪುಟ್ಟ ಕೊಳಗಗಳಂಥ ಕೆಪಾಸಿಟರುಗಳು. ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಆ ಏರಿಳಿತವನ್ನು ಇವು ಮೊಸರಿನ ಕೆನೆಯಷ್ಟು ಸಮ ಮಾಡುತ್ತವೆ.

ಈ ಪ್ರೊಸೆಸರಿನ ಗರಿಷ್ಠ ಅಳತೆ 95 ವ್ಯಾಟ್. 1.2 ವೋಲ್ಟ್‌ನಲ್ಲಿ 95 ವ್ಯಾಟ್ ಎಂದರೆ ಸುಮಾರು 80 ಆಂಪಿಯರ್. ಬಚ್ಚಲುಮನೆಯ ಎಂಟೊಂಬತ್ತು ಗೀಸರುಗಳು ಒಟ್ಟಿಗೆ ಎಳೆಯುವಷ್ಟು ಕರೆಂಟು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಸಿಲಿಕಾನ್ ಚೂರಿಗೆ, ಸದ್ದಿಲ್ಲದೆ, ಕಿಡಿ ಹಾರದೆ ಹರಿಯುತ್ತದೆ. ಸಾಕೆಟ್ಟಿನ 1155 ಸೂಜಿಮೊನೆಗಳಲ್ಲಿ ದೊಡ್ಡದೊಂದು ಪಾಲು ಇರುವುದೇ ಇದಕ್ಕಾಗಿ. ಈ ಮೌನದ ಉಪಚಾರವನ್ನು ನಾನು ಮೊದಲು ನೋಡುತ್ತೇನೆ. ಊಟ ಎಷ್ಟೇ ರುಚಿಯಾಗಿರಲಿ, ಬಡಿಸುವ ಕೈ ಹದವಾಗಿರಬೇಕಲ್ಲ.

ಇನ್ನು ತಾಳ. ಬೋರ್ಡಿನ ಒಂದು ಮೂಲೆಯಲ್ಲಿ, ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯ ಹತ್ತಿರ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಬೆಳ್ಳಿಯ ಕೊಳವೆಯೊಂದು ಮಲಗಿದೆ. ಅದರೊಳಗಿರುವುದು ಸ್ಫಟಿಕದ ಚೂರು. ಅದನ್ನು ಶ್ರುತಿಕವೆಯ ಆಕಾರಕ್ಕೇ ಕೊರೆದಿದ್ದಾರೆ. ಸ್ಫಟಿಕವನ್ನು ಒತ್ತಿದರೆ ಅದು ವಿದ್ಯುತ್ತು ಕೊಡುತ್ತದೆ ಎಂಬುದನ್ನು ಕಂಡವರು ಪಿಯರಿ ಮತ್ತು ಜಾಕ್ ಕ್ಯೂರಿ ಸಹೋದರರು, 1880ರಲ್ಲಿ. ತಿರುಗುಮುರುಗಾಗಿ, ವಿದ್ಯುತ್ತು ಕೊಟ್ಟರೆ ಸ್ಫಟಿಕ ಕಂಪಿಸುತ್ತದೆ. ಈ ಪುಟ್ಟ ಕವೆ ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಅಳೆದು ಕೊರೆಯಲಾಗಿದೆ. ಯಾಕೆ ಆ ವಿಚಿತ್ರ ಸಂಖ್ಯೆ? ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೆ ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ಒಂದು. ಅಂದರೆ ಸರಿಯಾಗಿ ಒಂದು ಸೆಕೆಂಡು. ಪ್ಲಗ್ಗು ಕಿತ್ತಿಟ್ಟರೂ ಕಂಪ್ಯೂಟರು ದಿನಾಂಕ ಮರೆಯದಿರುವುದು ಈ ಬ್ಯಾಟರಿ ಮತ್ತು ಈ ಕವೆಯ ದೆಸೆಯಿಂದ.

ಪ್ರೊಸೆಸರಿನ ತಾಳ ಬೇರೊಂದು ಸ್ಫಟಿಕದ್ದು. ಅದು ಸೆಕೆಂಡಿಗೆ 2.5 ಕೋಟಿ ಸಲ ಮಿಡಿಯುತ್ತದೆ. ಅದನ್ನು ನಾಲ್ಕು ಪಟ್ಟು ಮಾಡಿದರೆ 10 ಕೋಟಿ, ಅದರ 31 ಪಟ್ಟು 310 ಕೋಟಿ. ಮೃದಂಗದವರು ತಾಳದ ಒಂದೇ ಅಕ್ಷರವನ್ನು ಒಡೆದು ಎರಡನೇ ಕಾಲಕ್ಕೆ, ಮೂರನೇ ಕಾಲಕ್ಕೆ ಏರುವಾಗ ತಾಳ ಹಾಕುವ ಕೈ ಮಾತ್ರ ಅದೇ ನಡೆಯಲ್ಲಿರುತ್ತದೆ ನೋಡಿ, ಹಾಗೆ. ಮೂಲ ಮಿಡಿತ ಶಾಂತ, ಅದರ ಮೇಲೆ ಕಟ್ಟಿದ ವೇಗ ಅಗಾಧ. ಆ 310 ಕೋಟಿಯಲ್ಲಿ ಒಂದೇ ಒಂದು ಮಿಡಿತದಷ್ಟು ಹೊತ್ತಿನಲ್ಲಿ ಬೆಳಕು ಕೂಡ ಹೋಗುವುದು ಅಂಗೈ ಅಗಲದಷ್ಟು ದೂರ.

ಬೆಳಕಿಗೇ ಹೀಗಾದರೆ ತಾಮ್ರದ ಗೆರೆಗಳ ಪಾಡೇನು? ಉತ್ತರ ನನ್ನ ಕಣ್ಣೆದುರಿಗೇ ಇದೆ. ಭೂತಗನ್ನಡಿ ಹಿಡಿದು ಪ್ರೊಸೆಸರಿನಿಂದ ಮೆಮೊರಿ ಸ್ಲಾಟಿನವರೆಗೆ ಹೋಗುವ ಗೆರೆಗಳನ್ನು ನೋಡುತ್ತೇನೆ. ಕೆಲವು ನೆಟ್ಟಗೆ ಹೋಗುತ್ತವೆ. ಕೆಲವು ನಡುದಾರಿಯಲ್ಲಿ ಇದ್ದಕ್ಕಿದ್ದಂತೆ ಹಾವಿನಂತೆ ಬಳುಕಿ, ಮಡಿಕೆ ಮಡಿಕೆಯಾಗಿ ತಿರುಗಿ, ಮತ್ತೆ ನೆಟ್ಟಗಾಗಿ ಮುಂದುವರಿಯುತ್ತವೆ. ರಂಗೋಲಿಯ ಎಳೆ ಚುಕ್ಕಿ ಬಳಸಿ ತಿರುಗುವ ಹಾಗೆ. ಮೊದಲ ಸಲ ನೋಡಿದಾಗ ಇದನ್ನು ಅಲಂಕಾರ ಎಂದುಕೊಂಡಿದ್ದೆ. ಎಸ್.ಪಿ. ರೋಡಿನಲ್ಲಿ ಬೋರ್ಡು ರಿಪೇರಿ ಮಾಡುವ ಹಿರಿಯರೊಬ್ಬರು ತಮ್ಮ ಇಕ್ಕುಳದ ತುದಿಯಿಂದ ಆ ಬಳುಕನ್ನು ತೋರಿಸಿ, "ಇದು ಕಾಯೋ ದಾರಿ ಸಾರ್" ಅಂದರು.

ಅಷ್ಟೇ ಮಾತು, ಆದರೆ ಎಲ್ಲವೂ ಅದರಲ್ಲಿತ್ತು. ಮೆಮೊರಿಯಿಂದ 64 ಬಿಟ್‌ಗಳು ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ತಲುಪಬೇಕು. ಬೋರ್ಡಿನ ತಾಮ್ರದಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಹೋಗುವುದು ಸುಮಾರು 15 ಸೆಂ.ಮೀ. ಒಂದು ಗೆರೆ ಕೆಲವು ಸೆಂ.ಮೀ. ಗಿಡ್ಡವಿದ್ದರೂ ಅದರ ಬಿಟ್ ಮುಂಚೆಯೇ ಬಂದು ತಾಳ ತಪ್ಪಿಸುತ್ತದೆ. ಆದ್ದರಿಂದ ಹತ್ತಿರದ ಗೆರೆಗೆ ಬೇಕೆಂದೇ ಸುತ್ತುದಾರಿ. ಡೊಳ್ಳು ಕುಣಿತದ ತಂಡ ಬೀದಿಯ ತಿರುವಿಗೆ ಬಂದಾಗ ಒಳಮಗ್ಗುಲಿನವರು ಹೆಜ್ಜೆ ಸಣ್ಣದು ಮಾಡಿ, ಹೊರಮಗ್ಗುಲಿನವರು ದೊಡ್ಡದು ಮಾಡಿ, ಸಾಲು ಮುರಿಯದಂತೆ ತಿರುಗುತ್ತಾರಲ್ಲ, ಆ ಸೊಗಸು ಇಲ್ಲಿ ತಾಮ್ರದಲ್ಲಿ ಹೆಪ್ಪುಗಟ್ಟಿದೆ. ಚೆಲುವಿಗಾಗಿ ಎಳೆಯದ ಗೆರೆ ಇಷ್ಟು ಚೆಲುವಾಗಿದೆ. ನನಗೆ ಈ ಬೋರ್ಡಿನಲ್ಲಿ ಅತಿ ಪ್ರಿಯವಾದ ಜಾಗ ಇದೇ ಎರಡು ಅಂಗುಲ.

ಮೆಮೊರಿ ಪಟ್ಟಿಯ ಎರಡು ಬದಿಯ ಕ್ಲಿಪ್ಪುಗಳನ್ನು ಒತ್ತಿದರೆ ಅದು ಟಕ್ ಎಂದು ಎದ್ದು ಕೈಗೆ ಬರುತ್ತದೆ. ಗೇಣಿಗೆ ಕಡಿಮೆ ಉದ್ದ, ಹಗುರ, ಅಂಚಿನಲ್ಲಿ 240 ಚಿನ್ನದ ಹಲ್ಲುಗಳು. ಚಿನ್ನವೇ ಯಾಕೆಂದರೆ ಅದು ತುಕ್ಕು ಹಿಡಿಯದು, ಕಿಲುಬದು. ಹತ್ತು ವರ್ಷದ ಮೇಲೂ ಮೊದಲ ದಿನದ ಹಾಗೆಯೇ ಸಂಕೇತವನ್ನು ದಾಟಿಸುತ್ತದೆ. ಮೇಲೆ ಎಂಟು ಕಪ್ಪು ಚಿಪ್ಪುಗಳು, ಒಂದೊಂದೂ ಎಂಟೆಂಟು ಬಿಟ್ ಹಿಡಿದು ಏಕಕಾಲಕ್ಕೆ 64ನ್ನು ಒಪ್ಪಿಸುತ್ತವೆ.

ಅವುಗಳೊಳಗಿನ ಕಲ್ಪನೆ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರದು. 1966ರಲ್ಲಿ ಹೊಳೆದದ್ದು, 1968ರಲ್ಲಿ ಪೇಟೆಂಟು ಸಿಕ್ಕದ್ದು. ಒಂದು ಬಿಟ್‌ಗೆ ಒಂದು ಪುಟ್ಟ ಕೆಪಾಸಿಟರ್, ಅದಕ್ಕೊಂದು ಟ್ರಾನ್ಸಿಸ್ಟರಿನ ಬಾಗಿಲು. ಅಷ್ಟೇ. ಕೆಪಾಸಿಟರನ್ನು ಹಣತೆ ಎಂದುಕೊಳ್ಳಿ. ಎಣ್ಣೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನನ್ನ ಈ 4 ಜಿಬಿ ಪಟ್ಟಿಯಲ್ಲಿ ಅಂಥ ಹಣತೆಗಳು 3,435 ಕೋಟಿಗೂ ಹೆಚ್ಚು. ಹಣತೆ ಎಷ್ಟು ಚಿಕ್ಕದೆಂದರೆ ಎಣ್ಣೆ ತಾನಾಗಿಯೇ ಸೋರಿಹೋಗುತ್ತದೆ. ಹಾಗಾಗಿ ಅವು ಆರುವ ಮುನ್ನವೇ ಸಾಲು ಸಾಲಾಗಿ ಹೋಗಿ ಎಲ್ಲಕ್ಕೂ ಮತ್ತೆ ಎಣ್ಣೆ ಎರೆಯಬೇಕು. 64 ಮಿಲಿಸೆಕೆಂಡಿನೊಳಗೆ ಒಂದು ಪೂರ್ತಿ ಸುತ್ತು, ಅಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ. ಇನ್ನೂ ಒಂದು ನಾಜೂಕಿದೆ. ಒಂದು ಹಣತೆಯಲ್ಲಿ ಎಣ್ಣೆ ಇದೆಯೇ ಎಂದು ನೋಡಲು ಅದನ್ನು ಬಗ್ಗಿಸಲೇಬೇಕು. ನೋಡಿದೊಡನೆ ಖಾಲಿ. ಆದ್ದರಿಂದ ಓದಿದ್ದನ್ನು ಅಲ್ಲೇ ತಕ್ಷಣ ತುಂಬಿ ಇಡುವ ವ್ಯವಸ್ಥೆಯೂ ಜೊತೆಗೇ ಇದೆ. ಗರ್ಭಗುಡಿಯ ನಂದಾದೀಪ ಆರದೆ ಉರಿಯುವುದು ಯಾರೋ ಹೊತ್ತುಹೊತ್ತಿಗೆ ಎಣ್ಣೆ ಎರೆಯುವುದರಿಂದ. ಕಂಪ್ಯೂಟರಿನ ನೆನಪೂ ಅಂಥ ಒಂದು ನಿತ್ಯಸೇವೆ. ಕರೆಂಟು ಹೋದ ಕೂಡಲೇ ಅಷ್ಟೂ ದೀಪಗಳು ಆರುತ್ತವೆ. ಬರೆದದ್ದನ್ನು ಆಗಾಗ ಸೇವ್ ಮಾಡಿ ಎನ್ನುವ ಬುದ್ಧಿಮಾತಿನ ಹಿಂದೆ ಇರುವುದು ಈ ಸೋರುವ ಹಣತೆ.

ಈಗ ಫ್ಯಾನು, ಅಲ್ಯೂಮಿನಿಯಮ್ಮಿನ ರೆಕ್ಕೆಗಳು, ಒಣಗಿದ ಪೇಸ್ಟು ಎಲ್ಲವನ್ನೂ ತೆಗೆದು ಪ್ರೊಸೆಸರನ್ನು ಅಂಗೈ ಮೇಲೆ ಇಟ್ಟುಕೊಳ್ಳುತ್ತೇನೆ. ಲೋಹದ ಮುಚ್ಚಳದ ಕೆಳಗಿರುವ ಸಿಲಿಕಾನ್ ಚೂರಿನಲ್ಲಿ ನೂರು ಕೋಟಿಯ ಆಸುಪಾಸು ಟ್ರಾನ್ಸಿಸ್ಟರುಗಳಿವೆ. ದೊಡ್ಡ ಸಂಖ್ಯೆಗೆ ಬೆರಗಾಗುವುದು ಸುಲಭ. ನನಗೆ ರುಚಿಸುವುದು ಅದರ ಒಂದೇ ಒಂದು ಕಣ.

ಕೆರೆಯ ತೂಬು ನೋಡಿದವರಿಗೆ ಟ್ರಾನ್ಸಿಸ್ಟರು ಹೊಸದಲ್ಲ. ಈ ಕಡೆ ನೀರು, ಆ ಕಡೆ ಕಾಲುವೆ, ನಡುವೆ ಎತ್ತಿ ಇಳಿಸುವ ಬಾಗಿಲು. ಇಲ್ಲಿ ಬಾಗಿಲನ್ನು ಎತ್ತುವುದು ಇನ್ನೊಂದು ತಂತಿಯ ವೋಲ್ಟೇಜು. ವೋಲ್ಟೇಜು ಬಂದರೆ ಹರಿವು, ಇಲ್ಲದಿದ್ದರೆ ತಡೆ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರ್ಯಾಟೇನ್ ಇದರ ಮೊದಲ ರೂಪ ತೋರಿಸಿದರು. ಇವತ್ತು ಬಳಕೆಯಲ್ಲಿರುವ ರೀತಿಯಲ್ಲಿ ಇಂಥ ತೂಬುಗಳು ಎರಡು ಜಾತಿ. ವೋಲ್ಟೇಜು ಬಂದರೆ ತೆರೆಯುವುದು ಒಂದು, ವೋಲ್ಟೇಜು ಬಂದರೆ ಮುಚ್ಚುವುದು ಇನ್ನೊಂದು. ಎರಡನ್ನೂ ಜೋಡಿಯಾಗಿ ಇಟ್ಟಿರುವುದರಿಂದ ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಸ್ಥಿತಿ ಬದಲಾಗುವ ಆ ಒಂದು ಮಿಣುಕಿನಲ್ಲಿ ಬಿಟ್ಟರೆ ಕರೆಂಟು ಹೆಚ್ಚುಕಡಿಮೆ ಖರ್ಚೇ ಆಗದು. ಎಷ್ಟು ಮಿತವಾದ, ಎಷ್ಟು ಸಭ್ಯವಾದ ಏರ್ಪಾಡು!

ಎರಡು ತೂಬುಗಳು ಒಂದರ ಹಿಂದೆ ಒಂದಿದ್ದರೆ ಎರಡೂ ತೆರೆದಾಗ ಮಾತ್ರ ನೀರು. ಅದು "ಮತ್ತು". ಅಕ್ಕಪಕ್ಕ ಇದ್ದರೆ ಯಾವುದೊಂದು ತೆರೆದರೂ ನೀರು. ಅದು "ಅಥವಾ". ಮಾತಿನಲ್ಲಿ ನಾವು ಬಳಸುವ ಈ ಪುಟ್ಟ ಪದಗಳಿಗೆ 1854ರಲ್ಲಿ ಜಾರ್ಜ್ ಬೂಲ್ ಬೀಜಗಣಿತ ಕಟ್ಟಿದರು. ಅದೇ ಬೀಜಗಣಿತವನ್ನು ಸ್ವಿಚ್ಚುಗಳಲ್ಲಿ ಕಟ್ಟಬಹುದೆಂದು 1937ರಲ್ಲಿ ಕ್ಲಾಡ್ ಶಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದರು. ನಾಲ್ಕು ಟ್ರಾನ್ಸಿಸ್ಟರು ಸೇರಿದರೆ ನ್ಯಾಂಡ್ ಎಂಬ ಒಂದು ದ್ವಾರವಾಗುತ್ತದೆ. ಎರಡು ಕಡೆಯಿಂದಲೂ "ಹೌದು" ಬಂದರೆ ಮಾತ್ರ ಅದು "ಇಲ್ಲ" ಅನ್ನುತ್ತದೆ. ಈ ಒಂದೇ ಬಗೆಯ ಇಟ್ಟಿಗೆಯಿಂದ ಎಲ್ಲವನ್ನೂ ಕಟ್ಟಬಹುದು.

ಕೂಡುವುದನ್ನೇ ನೋಡಿ. ಪ್ರಾಥಮಿಕ ಶಾಲೆಯಲ್ಲಿ ಮೊತ್ತ ಹತ್ತಾದರೆ ಸೊನ್ನೆ ಬರೆದು ದಶಕ ಒಂದು ಮೇಲಿಡುತ್ತಿದ್ದೆವು. ಯಂತ್ರಕ್ಕೆ ಅಂಕಿಗಳು ಎರಡೇ ಆದ್ದರಿಂದ ಒಂದಕ್ಕೆ ಒಂದು ಕೂಡಿದರೇ ಸಾಕು, ಸೊನ್ನೆ ಬರೆದು ಒಂದು ಮೇಲಿಡುತ್ತದೆ. ನಾಲ್ಕು ನ್ಯಾಂಡ್ ದ್ವಾರಗಳು ಕೆಳಗೆ ಬರೆಯುವ ಅಂಕಿಯನ್ನು ಕೊಡುತ್ತವೆ, ಐದನೆಯದು ಮೇಲಿಡುವ ಅಂಕಿಯನ್ನು. ಐದು ದ್ವಾರ, ಇಪ್ಪತ್ತು ಟ್ರಾನ್ಸಿಸ್ಟರು, ಒಂದು ಕೂಡುವ ಲೆಕ್ಕ. ಬ್ಯಾಂಕಿನ ಬಡ್ಡಿ, ರೈಲಿನ ಮುಂಗಡ ಟಿಕೆಟ್ಟು, ಉಪಗ್ರಹದ ಪಥ, ಪರದೆಯ ಮೇಲೆ ಮೂಡುವ ಕನ್ನಡದ ಒತ್ತಕ್ಷರ, ಎಲ್ಲದರ ಬುಡದಲ್ಲಿ ಇಂಥ ಮೇಲಿಡುವ ಒಂದುಗಳಿವೆ.

ಎರಡೇ ಚಿಹ್ನೆಗಳಲ್ಲಿ ಲೋಕ ಹಿಡಿಯುವುದು ಕನ್ನಡ ಓದಿದವರಿಗೆ ಅಪರಿಚಿತವಲ್ಲ. ಪದ್ಯಕ್ಕೆ ಪ್ರಸ್ತಾರ ಹಾಕಿದವರೆಲ್ಲ ಲಘು, ಗುರು ಎಂಬ ಎರಡೇ ಗುರುತುಗಳಿಂದ ಇಡೀ ಛಂದಸ್ಸನ್ನು ಅಳೆದವರು. ಮೂರು ಅಕ್ಷರಕ್ಕೆ ಎಂಟು ಗಣ, ಮೂರು ಬಿಟ್‌ಗೆ ಎಂಟು ರೂಪ. ಲೆಕ್ಕ ಒಂದೇ. ಆ ಎಂಟು ಗಣಗಳನ್ನು ನೆನಪಿಡಲು ಪಂಡಿತರು ಕೊಟ್ಟ ಸೂತ್ರವನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ: ಯಮಾತಾರಾಜಭಾನಸಲಗಂ. ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಬೇಕಾದರೂ ಶುರು ಮಾಡಿ ಮೂರು ಅಕ್ಷರ ಎಣಿಸಿ. "ಯಮಾತಾ" ಎಂದರೆ ಲಘು, ಗುರು, ಗುರು. ಅದೇ ಯಗಣ. ಒಂದು ಅಕ್ಷರ ಜರುಗಿಸಿ. "ಮಾತಾರಾ", ಮೂರೂ ಗುರು. ಅದೇ ಮಗಣ. ಮತ್ತೊಂದು ಜರುಗಿಸಿ. "ತಾರಾಜ", ತಗಣ. ಹೀಗೆ ಹತ್ತೇ ಅಕ್ಷರಗಳಲ್ಲಿ ಎಂಟು ಗಣಗಳೂ ಒಂದರೊಳಗೊಂದು ಹೊಸೆದುಕೊಂಡಿವೆ, ಒಂದೂ ಮರುಕಳಿಸದೆ. ಬಿಟ್‌ಗಳನ್ನು ಒಂದೊಂದೇ ಸ್ಥಾನ ಜರುಗಿಸುವ ಶಿಫ್ಟ್ ರಿಜಿಸ್ಟರ್ ಎಂಬ ಮಂಡಲ ಹಾರ್ಡ್‌ವೇರಿನಲ್ಲಿ ಎಲ್ಲೆಡೆ ಇದೆ. ಅದರಿಂದ ಇಂಥದ್ದೇ ಸರಪಳಿಗಳನ್ನು ಹುಟ್ಟಿಸುತ್ತಾರೆ. ಹತ್ತನೇ ತರಗತಿಯಲ್ಲಿ ನಾನು ಬಾಯಿಪಾಠ ಮಾಡಿದ ಸೂತ್ರದ ನಡಿಗೆ ಸಿಲಿಕಾನಿನಲ್ಲಿ ನಡೆಯುತ್ತಿರುವುದು ತಿಳಿದ ದಿನ ನನಗೆ ಆದ ಸಂತೋಷ ಇವತ್ತಿಗೂ ಆರಿಲ್ಲ.

ಇಷ್ಟು ಟ್ರಾನ್ಸಿಸ್ಟರುಗಳನ್ನು ಒಂದಕ್ಕೊಂದು ಹೆಣೆಯುವ ತಂತಿಗಳ ಕಥೆ ಇನ್ನೂ ಸೊಗಸು. ನನ್ನ ಅಕ್ಕನ ಮನೆಯ ಷೋಕೇಸಿನಲ್ಲಿ ಬೀದರಿನಿಂದ ತಂದ ಒಂದು ಬಿದರಿ ಹೂದಾನಿ ಇದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೈಯಲ್ಲಿ ಕುಶಲಕರ್ಮಿ ಮೊದಲು ಉಳಿಯಿಂದ ಗೀರು ತೆಗೆಯುತ್ತಾನೆ. ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ ಬಡಿಯುತ್ತಾನೆ. ಮೇಲೆ ಉಬ್ಬಿದ್ದನ್ನೆಲ್ಲ ಉಜ್ಜಿ, ಬೆರಳಾಡಿಸಿದರೆ ಎಲ್ಲಿ ಲೋಹ ಮುಗಿದು ಎಲ್ಲಿ ಬೆಳ್ಳಿ ಶುರುವಾಯಿತೆಂದು ತಿಳಿಯದಷ್ಟು ಸಮ ಮಾಡುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿದಾಗ ಮೈ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳದಿಂಗಳಂತೆ ಉಳಿಯುತ್ತದೆ. 1997ರಲ್ಲಿ ಐಬಿಎಂ ಚಿಪ್ಪಿನೊಳಗೆ ತಾಮ್ರದ ತಂತಿ ಎಳೆಯುವ ವಿಧಾನವನ್ನು ಪ್ರಕಟಿಸಿದಾಗ ಮಾಡಿದ್ದೂ ಇದನ್ನೇ. ನಿರೋಧಕ ಪದರದಲ್ಲಿ ಮೊದಲು ಗೀರು, ಗೀರಿನೊಳಗೆ ತಾಮ್ರ, ಆಮೇಲೆ ಉಜ್ಜಿ ಸಮ. ಆ ವಿಧಾನಕ್ಕೆ ಅವರು ಕರೆಯುವ ಹೆಸರು ಡಮಾಸಿನ್. ಡಮಾಸ್ಕಸ್ ಊರಿನ ಹೆಸರು ಹೊತ್ತ ಹಳೆಯ ಲೋಹದ ಕುಸುರಿಯಿಂದ ಬಂದ ಹೆಸರದು, ನಮ್ಮ ಬಿದರಿ ಸೇರಿದ ಕುಲವೇ ಅದು. ನನ್ನ ಅಂಗೈ ಮೇಲಿನ ಈ ಪ್ರೊಸೆಸರಿನೊಳಗೆ ಪದರದ ಮೇಲೆ ಪದರವಾಗಿ ಬಿದರಿ ಕೆಲಸವಿದೆ. ಉಳಿಯ ಜಾಗದಲ್ಲಿ ಬೆಳಕು. 32 ನ್ಯಾನೊಮೀಟರ್ ತಲೆಮಾರಿನ ಈ ಚಿಪ್ಪನ್ನು ಕೊರೆದ ಬೆಳಕಿನ ಅಲೆಯ ಉದ್ದ 193 ನ್ಯಾನೊಮೀಟರ್. ಅದನ್ನು ನೀರಿನ ತೆಳುಪದರದ ಮೂಲಕ ಹಾಯಿಸಿ, ತನ್ನ ಅಲೆಗಿಂತ ಎಷ್ಟೋ ಸಣ್ಣದಾದ ಗೆರೆಗಳನ್ನು ಎಳೆಯುವಂತೆ ಪಳಗಿಸಿದ್ದಾರೆ. ಹಿಡಿಸೂಡಿಯಲ್ಲಿ ಕಣ್ಣಿಗೆ ಕಾಡಿಗೆ ತಿದ್ದಿದ ಹಾಗೆ.

ಶಿಲ್ಪಿಯ ಹೆಮ್ಮೆಯೂ ಇಲ್ಲಿದೆ. ಬೇಲೂರಿನ ಮದನಿಕೆಯ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೊರೆದ ಹಾಗೆ, 1971ರಲ್ಲಿ ಬಂದ ಇಂಟೆಲ್ 4004 ಚಿಪ್ಪಿನ ಅಂಚಿನಲ್ಲಿ ಫೆಡರಿಕೊ ಫ್ಯಾಜಿನ್ ತಮ್ಮ ಹೆಸರಿನ ಎರಡು ಮೊದಲಕ್ಷರಗಳನ್ನು ಕೊರೆದಿಟ್ಟರು. ಅದರಲ್ಲಿದ್ದದ್ದು ಸುಮಾರು 2,300 ಟ್ರಾನ್ಸಿಸ್ಟರು. ಒಂದೊಂದರ ಜಾಗವನ್ನೂ ಮನುಷ್ಯರು ಕೈಯಿಂದ ಬರೆದು ಗೊತ್ತುಮಾಡಿದ್ದರು. ಸಹಿ ಹಾಕುವ ಹಕ್ಕು ಅಂಥ ಕೈಗಳದು.

ಕೊನೆಯದಾಗಿ ಹಾರ್ಡ್ ಡಿಸ್ಕು. ವರ್ಷಗಟ್ಟಲೆ ದುಡಿದು ನಿಂತುಹೋದ ಒಂದನ್ನು ನಾನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಆರು ಮೂಲೆಯ ನಕ್ಷತ್ರದ ತಲೆಯ ಸ್ಕ್ರೂಗಳನ್ನು ತೆಗೆದು ಮುಚ್ಚಳ ಎತ್ತಿದರೆ ಒಳಗೆ ಒಂದು ಕನ್ನಡಿ. ಆರನ್ಮುಳದ ಲೋಹಗನ್ನಡಿಯಂತೆ ನಿರ್ಮಲ, ತಣ್ಣಗೆ, ನಿಶ್ಚಲ. ಇದು ದುಡಿಯುತ್ತಿದ್ದಾಗ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿತ್ತು. ಅಂಚಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 130 ಕಿ.ಮೀ. ಅದರ ಮೇಲೆ ಕೊಕ್ಕರೆಯ ಕತ್ತಿನಂಥ ತೋಳು, ತೋಳಿನ ತುದಿಯಲ್ಲಿ ಎಳ್ಳಿಗಿಂತ ಚಿಕ್ಕ ಓದುಮೊನೆ. ಅದು ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವ ರಭಸಕ್ಕೆ ಎದ್ದ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತೇಲುತ್ತದೆ. ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಂತರ. ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟ. ದುಡಿಯುವ ನಡುವೆ ಕರೆಂಟು ಹೋದರೆ, ತಿರುಗುತ್ತಿರುವ ತಟ್ಟೆಯ ಉಳಿದ ವೇಗದಿಂದಲೇ ಮೋಟಾರು ಒಂದಿಷ್ಟು ವಿದ್ಯುತ್ತು ಹುಟ್ಟಿಸಿ, ತೋಳನ್ನು ಕ್ಷೇಮವಾಗಿ ಅದರ ತಾಣಕ್ಕೆ ಒಯ್ದು ಮಲಗಿಸುತ್ತದೆ.

ಈ ಡಿಸ್ಕು ನಿಧಾನ ಎಂದು ದೂರುವವರಿದ್ದಾರೆ. ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿ. ಆಗ ಪಕ್ಕದಲ್ಲೇ ಇರುವ ಕ್ಯಾಶ್ ಮೆಮೊರಿಯಿಂದ ಒಂದು ಅಂಕಿ ಬರಲು ನಾಲ್ಕು ಸೆಕೆಂಡು. ಒಲೆಯ ಪಕ್ಕದ ಒಗ್ಗರಣೆ ಡಬ್ಬಿಗೆ ಕೈ ಹಾಕಿದ ಹಾಗೆ. ಮೆಮೊರಿ ಪಟ್ಟಿಯಿಂದ ಬರಲು ಮೂರ್ನಾಲ್ಕು ನಿಮಿಷ. ಎದ್ದುಹೋಗಿ ಉಗ್ರಾಣದಿಂದ ಬೇಳೆ ತಂದ ಹಾಗೆ. ಡಿಸ್ಕು ತೋಳು ಚಾಚಿ ತಟ್ಟೆ ತಿರುಗಿ ಬರುವ ತನಕ ಕಾಯಲು ಹಿಡಿಯುವ 10 ಮಿಲಿಸೆಕೆಂಡು ಈ ಅಳತೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ. ಬಿತ್ತಿ, ಬೆಳೆದು, ಕೊಯ್ದು ತಂದ ಹಾಗೆ. ಒಳ್ಳೆಯ ಅಡುಗೆಮನೆಯಲ್ಲಿ ಇವು ಮೂರೂ ಇರುತ್ತವೆ. ಪ್ರತಿಯೊಂದಕ್ಕೂ ಅದರ ಜಾಗ, ಅದರ ಹೊತ್ತು.

ಎಲ್ಲವನ್ನೂ ಮತ್ತೆ ಜೋಡಿಸಿ, ಬಟಾಣಿ ಗಾತ್ರದ ಹೊಸ ಪೇಸ್ಟು ಇಟ್ಟು, ಫ್ಯಾನು ಬಿಗಿದು ಗುಂಡಿ ಒತ್ತುತ್ತೇನೆ. ಪವರ್ ಸಪ್ಲೈ ತನ್ನ ವೋಲ್ಟೇಜುಗಳೆಲ್ಲ ಸಮವಾದುವೇ ಎಂದು ನೋಡಿಕೊಂಡು, ಸೆಕೆಂಡಿನ ಒಂದು ಸಣ್ಣ ಪಾಲು ತಡೆದು, ಬೂದು ತಂತಿಯಲ್ಲಿ "ಎಲ್ಲ ಸರಿಯಿದೆ" ಎಂಬ ಸಂಕೇತ ಕಳಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರು ಕಾಯುತ್ತದೆ. ತಂಬೂರಿ ಶ್ರುತಿ ಸೇರುವ ತನಕ ಗಾಯಕರು ಕಾಯುವಂತೆ. ಬಿಡುಗಡೆಯಾದೊಡನೆ ಅದು ತನ್ನ ಮೊದಲ ಆದೇಶಕ್ಕಾಗಿ ನೋಡುವ ಜಾಗ ಒಂದೇ, 4 ಜಿಬಿ ವಿಳಾಸಗಳ ಗಡಿಗೆ 16 ಬೈಟ್ ಈಚೆಗಿನ ಒಂದು ಮನೆ. ಬೋರ್ಡಿನ ಮೇಲಿನ ಎಂಟು ಕಾಲಿನ ಪುಟ್ಟ ಚಿಪ್ಪು ಆ ಮನೆಯಲ್ಲಿ ಒಂದೇ ಮಾತು ಬರೆದಿಟ್ಟಿರುತ್ತದೆ: "ಇಂಥಲ್ಲಿಗೆ ಹೋಗು." ಪ್ರೊಸೆಸರು ಹೋಗುತ್ತದೆ. ಆದೇಶ ತರುತ್ತದೆ, ಅರ್ಥ ಬಿಡಿಸುತ್ತದೆ, ಮಾಡುತ್ತದೆ, ಮುಂದಿನದನ್ನು ತರುತ್ತದೆ. ಆ ಮೊದಲ ಹೆಜ್ಜೆಯಿಂದ ಆರಿಸುವ ಗಳಿಗೆಯವರೆಗೆ ಅದು ಮಾಡುವುದು ಇಷ್ಟೇ. ಫ್ಯಾನು ಮೆಲ್ಲನೆ ಉಸಿರೆಳೆಯುತ್ತದೆ, ಡಿಸ್ಕು ಗುನುಗುತ್ತದೆ, ಪರದೆ ಬೆಳಗುತ್ತದೆ.

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೆಯ ಕಂಪ್ಯೂಟರು ಇದ್ದೀತು. ಗುಜರಿಯವರಿಗೆ ತೂಕಕ್ಕೆ ಹಾಕುವ ಮೊದಲು ಒಂದು ಭಾನುವಾರ ಅದಕ್ಕೆ ಕೊಡಿ. ಪ್ಲಗ್ಗು ಕಿತ್ತು, ಉಳಿದ ಕರೆಂಟು ಇಳಿದುಹೋಗಲೆಂದು ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಪವರ್ ಸಪ್ಲೈನ ಉಕ್ಕಿನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಅದರ ಕೆಪಾಸಿಟರುಗಳಲ್ಲಿ ಪೆಟ್ಟು ಕೊಡುವಷ್ಟು ಕರೆಂಟು ಉಳಿದಿರುತ್ತದೆ. ಮಿಕ್ಕದ್ದಕ್ಕೆಲ್ಲ ಒಂದು ಸ್ಟಾರ್ ಸ್ಕ್ರೂಡ್ರೈವರು, ಒಂದು ಭೂತಗನ್ನಡಿ ಸಾಕು. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಆ ಬಳುಕುವ ಗೆರೆಗಳನ್ನು ತೋರಿಸಿ, ಅವು ಯಾಕೆ ಸುತ್ತು ಹಾಕುತ್ತವೆ ಎಂದು ಕೇಳಿ. ಉತ್ತರ ಹೇಳಲು ಆತುರ ಬೇಡ.